ಗಣಿಯ ಬಾಯ್ಲರ್ ಆರಿತು, ಹಿತ್ತಲ ಒಲೆ ಉಳಿಯಿತು

1902ರ ಜೂನ್ 30ರಂದು ಶಿವನಸಮುದ್ರದ ಜಲಪಾತದಲ್ಲಿ ಉತ್ಪಾದನೆಯಾದ ವಿದ್ಯುತ್ ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ತಂತಿಯ ಮೇಲೆ ವಿದ್ಯುತ್ ಸಾಗಿಸಿದ ಉದಾಹರಣೆಗಳು ಆಗ ಜಗತ್ತಿನಲ್ಲೇ ವಿರಳವಾಗಿದ್ದವು. ಈ ಸಾಧನೆಯನ್ನು ಸಾಮಾನ್ಯವಾಗಿ ಬೆಳಕಿನ ಕಥೆಯಾಗಿ ಹೇಳುವುದುಂಟು. ಆದರೆ ಬಂಗಾರಪೇಟೆ ಸೀಮೆಯ ಮಟ್ಟಿಗೆ ಇದು ಬೆಂಕಿಯ ಕಥೆಯೂ ಹೌದು. ಅಂದು ಗಣಿಯ ಸೌದೆ ಬೆಂಕಿ ಆರತೊಡಗಿತು. ಮನೆಯ ಹಿಂದಿನ ಸೌದೆ ಬೆಂಕಿ ಮಾತ್ರ ಇನ್ನೂ ಒಂದು ಶತಮಾನ ಉರಿಯಿತು.

ಗಣಿಯ ಹಸಿವು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಾರಿಕೆಗೆ ಕೈಹಾಕಿದ ಮೇಲೆ ಭೂಮಿಯ ಮೇಲಿನ ಕೆಲಸವೂ ಬೆಳೆಯಿತು. ಆಳದಿಂದ ಅದಿರು ಎತ್ತಬೇಕು, ತುಂಬುವ ನೀರನ್ನು ಹೊರಹಾಕಬೇಕು, ಕಲ್ಲನ್ನು ಕುಟ್ಟಿ ಪುಡಿ ಮಾಡಬೇಕು. ಇವೆಲ್ಲಕ್ಕೂ ಹಬೆಯಂತ್ರವೇ ಆಧಾರ; ಹಬೆಗೆ ಬಾಯ್ಲರ್, ಬಾಯ್ಲರಿಗೆ ಸೌದೆ ಮತ್ತು ಕಲ್ಲಿದ್ದಲು. ಆಗ ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ರೈಲು ಹಾದಿ ಬಂದದ್ದು 1894ರಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ ಊರಿಗೆ ಆ ಹೆಸರು ಬಂದಿತ್ತು.

ಮಳೆ ಕಡಿಮೆ ಬೀಳುವ, ಕುರುಚಲು ಕಾಡಿನ ಈ ಬಯಲು ಸೀಮೆಗೆ ಗಣಿಯಂಥ ಗಿರಾಕಿಯನ್ನು ಸಾಕುವ ಶಕ್ತಿಯಿರಲಿಲ್ಲ. ಕಲ್ಲಿದ್ದಲು ದೂರದಿಂದ ಬರಬೇಕು, ದುಬಾರಿ. ಗಣಿ ಕಂಪನಿಗಳು ಮೈಸೂರು ಸರ್ಕಾರದ ವಿದ್ಯುತ್ ಯೋಜನೆಗೆ ಒಪ್ಪಿದ್ದರ ಹಿಂದೆ ಈ ಇಂಧನದ ಲೆಕ್ಕಾಚಾರವಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸೇನಾ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್ ಅವರ ಮುಂದಾಳತ್ವದಲ್ಲಿ ಯೋಜನೆ ರೂಪುಗೊಂಡಿತು.

ಒಂದು ಅಂಶವನ್ನು ಗಮನಿಸಬೇಕು. ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದು ಯಂತ್ರಗಳಿಗೆ. ಬೆಂಗಳೂರಿನ ಬೀದಿದೀಪಗಳಿಗೆ ಅದು ಸಿಕ್ಕಿದ್ದು 1905ರ ಆಗಸ್ಟ್‌ನಲ್ಲಿ. ಸುತ್ತಲಿನ ಹಳ್ಳಿಗಳ ಮನೆಗಳು ದಶಕಗಟ್ಟಲೆ ಕಾಯಬೇಕಾಯಿತು. ಕಾಯುವಷ್ಟು ಕಾಲವೂ ಅಲ್ಲಿ ಬೆಂಕಿಯೇ ಗತಿ.

ಹಿತ್ತಲ ಬೆಂಕಿ

ಯೂರೋಪು, ಅಮೆರಿಕದ ಚಳಿನಾಡುಗಳಲ್ಲಿ ಸೌದೆ ಸುಡುವುದು ಮನೆಯನ್ನು ಬೆಚ್ಚಗಿಡಲು. ಕೆಲವೆಡೆ ಮನೆಯ ಹೊರಗೇ ಒಂದು ಕುಲುಮೆ ಕಟ್ಟಿ, ಅದರಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಮನೆಯೊಳಕ್ಕೆ ಹರಿಸುತ್ತಾರೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರ ಸೀಮೆಯಲ್ಲಿ ಮಾಗಿಯ ಚಳಿ ಕಡಿಮೆಯೇನಲ್ಲ. ಆದರೂ ಇಲ್ಲಿ ಗೋಡೆಯನ್ನು ಬೆಚ್ಚಗೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಮೈಗೆ ಸುರಿಯುವ ನೀರನ್ನು ಕಾಯಿಸಿದರು. ನಮ್ಮ ಹೊರಗಿನ ಕುಲುಮೆಯೆಂದರೆ ಬಚ್ಚಲುಮನೆಯ ಹಂಡೆ ಒಲೆ.

ಇದರ ರಚನೆ ಸರಳ. ತಾಮ್ರದ ಹಂಡೆಯನ್ನು ಕಲ್ಲುಮಣ್ಣಿನ ಕಟ್ಟೆಯಲ್ಲಿ ಹೂತು ಕೂರಿಸುತ್ತಾರೆ. ಅನೇಕ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಹೊರಗೆ ಹಿತ್ತಲಿಗೆ ತೆರೆದಿರುತ್ತದೆ. ಹೊರಗೆ ಉರಿ ಹಾಕಿದರೆ ಒಳಗೆ ನೀರು ಕಾಯುತ್ತದೆ. ಹೊಗೆ, ಬೂದಿ, ಮಸಿ ಆಚೆಯೇ ಉಳಿಯುತ್ತವೆ.

ಪೇಟೆಯ ಮನೆಗಳಿಗೆ ಬಂದದ್ದು ತಾಮ್ರದ ಬಾಯ್ಲರ್. ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಕೆಳಗೆ ಕೆಂಡದ ಜಾಲರಿ. ಹೊಗೆ ಹೋಗುವ ದಾರಿಯಲ್ಲೇ ತನ್ನ ಬಿಸಿಯನ್ನು ನೀರಿಗೆ ಕೊಟ್ಟು ಹೋಗುತ್ತದೆ. ಸುಮಾರು 1812ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ರೂಪಿಸಿದ ಕಾರ್ನಿಷ್ ಬಾಯ್ಲರಿನ ತತ್ವವೂ ಇದೇ: ನೀರಿನ ನಡುವೆ ಬೆಂಕಿಯ ಒಂದೇ ಕೊಳವೆ. ಅದೇ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರು ಕೆ.ಜಿ.ಎಫ್‌ನಲ್ಲಿ ನೆಲೆಸಿದ್ದರು. ಗಣಿಯ ಬಾಯ್ಲರಿಗೂ ಬಚ್ಚಲ ಬಾಯ್ಲರಿಗೂ ಗಾತ್ರ, ಒತ್ತಡಗಳಲ್ಲಿ ಅಜಗಜಾಂತರ. ಬೆಂಕಿಯನ್ನು ಪೋಲಾಗಲು ಬಿಡಬಾರದೆಂಬ ವಿವೇಕ ಮಾತ್ರ ಎರಡಕ್ಕೂ ಸಮಾನ.

ಒಲೆಯನ್ನು ಸಾಕುವುದೂ ಒಂದು ಕೆಲಸ. ದಿನವೂ ಬೂದಿ ತೆಗೆಯಬೇಕು, ಇಲ್ಲವಾದರೆ ಗಾಳಿ ಆಡದೆ ಹೊಗೆ ಸುತ್ತುತ್ತದೆ. ಬಾಯ್ಲರಿನ ಕೊಳವೆಯಲ್ಲಿ ಕಟ್ಟುವ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕು. ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣದಂಥ ಪೊರೆ ಒಳಗೆ ಗಟ್ಟಿಯಾಗಿ ಕೂರುತ್ತದೆ. ಪೊರೆ ದಪ್ಪವಾದಷ್ಟೂ ಸೌದೆಯ ಖರ್ಚು ಹೆಚ್ಚು. ಹೊರಮೈಗೆ ಹುಣಸೆಹಣ್ಣು ತಿಕ್ಕಿದರೆ ತಾಮ್ರ ಹೊಳೆಯುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಗೆ ವಿಶೇಷ ಮರ್ಯಾದೆ. ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹೂ ಮುಡಿಸಿ, ನೀರು ತುಂಬಿ ಪೂಜಿಸುತ್ತಾರೆ. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನ.

ಸೌದೆಯ ಲೆಕ್ಕ

ಐದು ಮಂದಿಯ ಕುಟುಂಬಕ್ಕೆ ಸ್ನಾನಕ್ಕೆ ದಿನಕ್ಕೆ 100 ಲೀಟರ್ ನೀರು ಬೇಕೆಂದು ಇಟ್ಟುಕೊಳ್ಳೋಣ. ಅದನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2,500 ಕಿಲೋಕ್ಯಾಲರಿ ಶಾಖ ಸಾಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 3,800 ಕಿಲೋಕ್ಯಾಲರಿ ಇರುತ್ತದೆ. ಅಂದರೆ ಮುಕ್ಕಾಲು ಕಿಲೋಗಿಂತ ಕಡಿಮೆ ಸೌದೆ ಸಾಕಾಗಬೇಕು. ಆದರೆ ಒಲೆ ಶೇ 10ರಷ್ಟು ಶಾಖವನ್ನಷ್ಟೇ ನೀರಿಗೆ ಮುಟ್ಟಿಸಿದರೆ ಆರೂವರೆ ಕಿಲೋ ಬೇಕು. ಶೇ 30ರಷ್ಟು ಮುಟ್ಟಿಸಿದರೆ ಎರಡು ಕಿಲೋ ಚಿಲ್ಲರೆ. ಈ ಎರಡು ಒಲೆಗಳ ನಡುವಿನ ವ್ಯತ್ಯಾಸ ವರ್ಷಕ್ಕೆ ಒಂದೂವರೆ ಟನ್ ಸೌದೆ. ಹಸಿ ಸೌದೆಯಾದರೆ ನಷ್ಟ ಇನ್ನೂ ಹೆಚ್ಚು. ಕಟ್ಟಿಗೆಯ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಕ್ತಿ ಹೋಗುತ್ತದೆ.

ಕನ್ನಡಿಗರ ಸೌದೆ, ತಮಿಳರ ವಿರಗು, ತೆಲುಗರ ಕಟ್ಟೆಲು ಎಂದು ಮೂರು ಹೆಸರಿನಲ್ಲಿ ಈ ಸೀಮೆಯ ಹಿತ್ತಲುಗಳಿಗೆ ಬಂದ ಈ ಇಂಧನವನ್ನು ಹಳ್ಳಿಗಳಲ್ಲಿ ಹೊತ್ತು ತಂದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅವರ ಶ್ರಮ ಯಾವ ಲೆಕ್ಕಪುಸ್ತಕಕ್ಕೂ ಏರಲಿಲ್ಲ. ಗಣಿ ಕಂಪನಿಗೆ ಇಂಧನದ ಬಿಲ್ ಬರುತ್ತಿತ್ತು, ಅದಕ್ಕಾಗಿ ಪರ್ಯಾಯ ಹುಡುಕಲಾಯಿತು. ಮನೆಯ ಸೌದೆಗೆ ಬಿಲ್ ಇರಲಿಲ್ಲ.

ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಅಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಇಂಧನ ಹೋಗುತ್ತದೆಂದು ಅಳೆಯಿತು. ಅಸ್ತ್ರ ಒಲೆ ಹುಟ್ಟಿದ್ದು ಈ ಕೇಂದ್ರದಲ್ಲೇ. ಮುಚ್ಚಿದ ಬೆಂಕಿಗೂಡು, ಜಾಲರಿ, ಹೊಗೆಕೊಳವೆ ಇದರ ಮುಖ್ಯ ಅಂಗಗಳು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದು ಶೇ 30ಕ್ಕೂ ಹೆಚ್ಚು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಅದೇ ತತ್ವವನ್ನು ನೀರು ಕಾಯಿಸುವ ಒಲೆಗೂ ಅಳವಡಿಸಲಾಯಿತು.

ನೀಲಗಿರಿ ಬಂದ ಮೇಲೆ

ಸೌದೆಯ ಕೊರತೆಗೆ ಇನ್ನೊಂದು ಮದ್ದಾಗಿ ಬಂದದ್ದು ಸಾಮಾಜಿಕ ಅರಣ್ಯ. ಕೋಲಾರ ಜಿಲ್ಲೆಯ ರೈತರು ಹೊಲಗಳಲ್ಲಿ ನೀಲಗಿರಿ ನೆಟ್ಟರು. 1981ರಲ್ಲಿ ಈ ಜಿಲ್ಲೆಯನ್ನು ಅಧ್ಯಯನ ಮಾಡಿದ ವಂದನಾ ಶಿವ, ಶರತ್‌ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ ಅವರು, ರಾಗಿ ಬೆಳೆಯುತ್ತಿದ್ದ ನೆಲ ನೀಲಗಿರಿಯ ಪಾಲಾಗುತ್ತಿದೆ, ಮರ ಕಾರ್ಖಾನೆಗಳಿಗೆ ಹೋಗುತ್ತಿದೆ ಎಂದು ಎಚ್ಚರಿಸಿದರು. ಹಣ ಕೊಟ್ಟು ಕೊಳ್ಳಲಾಗದ ಮನೆಗೆ ಸಿಕ್ಕಿದ್ದು ಒಣ ಎಲೆ, ಪುರಲೆ. ಅಂತರ್ಜಲದ ಮೇಲಿನ ಪರಿಣಾಮದ ಬಗ್ಗೆ ವರ್ಷಗಟ್ಟಲೆ ದೂರುಗಳು ಕೇಳಿಬಂದ ನಂತರ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಇನ್ನೂ ಉರಿಯುವ ಒಲೆ

2001ರ ಫೆಬ್ರುವರಿ 28ರಂದು ಗಣಿಗಳೇ ಮುಚ್ಚಿದವು. ಅದರ ನಂತರವೂ ಸೀಮೆಯ ಹಳ್ಳಿಗಳಲ್ಲಿ ಹಂಡೆ ಒಲೆ ಪೂರ್ತಿ ಆರಲಿಲ್ಲ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡವರ ಅಡುಗೆಮನೆಗೆ ಗ್ಯಾಸ್ ತಂದಿತು. ಆದರೆ ಸ್ನಾನದ ನೀರಿಗೆ ಸಿಲಿಂಡರ್ ಉರಿಸುವುದು ಅನೇಕರಿಗೆ ದುಂದು ಎನಿಸುತ್ತದೆ. ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಸೌದೆಯಲ್ಲಿ ಎಂಬ ಪಾಲು ಹೀಗೆ ಏರ್ಪಟ್ಟಿದೆ. ವಿದ್ಯುತ್ತಿನಿಂದ ಅದೇ 100 ಲೀಟರ್ ಕಾಯಿಸಲು ಸುಮಾರು 3 ಯೂನಿಟ್, ಅಂದರೆ ತಿಂಗಳಿಗೆ 90 ಯೂನಿಟ್ ಬೇಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತದ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿದೆ. ಹಿಂದೆ ಸೌದೆಯಲ್ಲೇ ನೀರು ಕಾಯಿಸಿದ ಮನೆಯ ಸರಾಸರಿ ಸಹಜವಾಗಿಯೇ ಕಡಿಮೆ. ಅಲ್ಲಿ ಹೊಸದಾಗಿ ಗೀಸರ್ ಹಾಕಿದರೆ ಬಿಲ್ ಏರುತ್ತದೆ.

ಗಣಿಯ ಬಾಯ್ಲರ್ ಆರಿಸಲು ಒಂದು ಸಂಸ್ಥಾನ ಜಲಪಾತದಿಂದ ತಂತಿ ಎಳೆಯಿತು. ಹಿತ್ತಲ ಒಲೆ ಆರಬೇಕಾದರೆ ಸೂರ್ಯಶಾಖದ ಹೀಟರ್ ಇರಲಿ, ಸುಧಾರಿತ ಒಲೆಯಿರಲಿ, ಅದು ಸೌದೆ ಹೊರುವವರ ಕೈಗೆಟುಕುವ ಬೆಲೆಗೆ ಸಿಗಬೇಕು. ಅಡುಗೆಯ ಹೊಗೆಯ ಬಗ್ಗೆ ಯೋಜನೆ ಮಾಡುವವರು ಬಚ್ಚಲ ಹಿಂದಿನ ಈ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.