ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಹಿರಿಯರ ಬಾಯಿಂದ ಕೇಳಿಯೇ ನಾವೆಲ್ಲ ದೊಡ್ಡವರಾದವರು. ಹುಡುಗ ಮೊದಲ ಪರೀಕ್ಷೆಯಲ್ಲಿ ಕಡಮೆ ಅಂಕ ತಂದರೂ ಈ ಗಾದೆ. ಹೊಸ ಅಂಗಡಿಗೆ ಮೊದಲ ವಾರ ಗಿರಾಕಿ ಬಾರದಿದ್ದರೂ ಈ ಗಾದೆ. ಆರಂಭವನ್ನು ಕಂಡು ಅಂತ್ಯವನ್ನು ಹೇಳಿಬಿಡುವ ಆತುರ ಮನುಷ್ಯನ ಹುಟ್ಟುಗುಣವೆಂದೇ ತೋರುತ್ತದೆ. ಈ ಗಾದೆಯನ್ನು ವರ್ಷವರ್ಷವೂ ಒರೆಗೆ ಹಚ್ಚುವ ಸ್ಥಳವೊಂದುಂಟು. ಅದು ಅಮೆರಿಕದ ಬೇಸ್‌ಬಾಲ್ ಮೈದಾನ. ಒರೆಗೆ ಹಚ್ಚುವ ತಿಂಗಳು ಏಪ್ರಿಲ್.

ಕ್ರಿಕೆಟ್ಟಿನ ಸುದ್ದಿ ಕೇಳುತ್ತ ಬೆಳೆದ ನನಗೆ ಬೇಸ್‌ಬಾಲಿನ ಪರಿಚಯವಾದದ್ದು ಮೈದಾನದಲ್ಲಲ್ಲ, ಹಳೆಯ ಅಂಕಪಟ್ಟಿಗಳಲ್ಲಿ. ಒಬ್ಬನು ಚೆಂಡನ್ನು ಎಸೆಯುತ್ತಾನೆ, ಇನ್ನೊಬ್ಬನು ಉರುಟಾದ ದಾಂಡಿನಿಂದ ಹೊಡೆಯುತ್ತಾನೆ, ಹೊಡೆದವನು ಓಡುತ್ತಾನೆ. ಇಷ್ಟು ತಿಳಿದರೆ ಈ ಲೇಖನದ ಮಟ್ಟಿಗೆ ಸಾಕು. ನನ್ನನ್ನು ಬೆರಗುಗೊಳಿಸಿದ್ದು ಆಟದ ನಿಯಮಗಳಲ್ಲ, ಆಟಗಳ ಲೆಕ್ಕ. ಒಂದೊಂದು ತಂಡವೂ ವರ್ಷಕ್ಕೆ ೧೬೨ ಆಟಗಳನ್ನು ಆಡಬೇಕು. ವಸಂತದಲ್ಲಿ ಆರಂಭವಾದದ್ದು ಸೆಪ್ಟೆಂಬರ್ ಕೊನೆಯವರೆಗೂ ಹೆಚ್ಚುಕಡಮೆ ದಿನವೂ ನಡೆಯುತ್ತದೆ. ಸಮಸಮ ಎಂಬ ಮಾತು ಬಹುಮಟ್ಟಿಗೆ ಇಲ್ಲ. ಗೆಲ್ಲಬೇಕು, ಇಲ್ಲವೆ ಸೋಲಬೇಕು. ನಮ್ಮಲ್ಲಿ ಒಂದು ಟೆಸ್ಟ್ ಪಂದ್ಯದ ಸೋಲನ್ನು ವಾರಗಟ್ಟಲೆ ನೆನೆದು ಕೊರಗುತ್ತೇವೆ. ಬೇಸ್‌ಬಾಲ್ ಅಭಿಮಾನಿಗೆ ಆ ಬಿಡುವೂ ಇಲ್ಲ. ನಿನ್ನೆಯ ಸೋಲಿನ ಸುದ್ದಿಯನ್ನು ಓದಿ ಮುಗಿಸುವಷ್ಟರಲ್ಲಿ ಇಂದಿನ ಆಟ ಎದುರಿಗೆ ನಿಂತಿರುತ್ತದೆ.

ಇಂಥ ಆಟದಲ್ಲಿ ಏಪ್ರಿಲ್ ತಿಂಗಳು ವಿಚಿತ್ರವಾದ ಕಾಲ. ಎಲ್ಲರ ಖಾತೆಯೂ ಸೊನ್ನೆಯಿಂದ ಆರಂಭವಾಗುತ್ತದೆ. ನಾಲ್ಕು ಆಟ ಗೆದ್ದರೆ ಅಭಿಮಾನಿಗೆ ಅಕ್ಟೋಬರಿನ ವರ್ಲ್ಡ್ ಸೀರೀಸಿನ ಕನಸು ಬೀಳುತ್ತದೆ. ನಾಲ್ಕು ಸೋತರೆ ‘ಇನ್ನೂ ಏಪ್ರಿಲ್ ತಾನೆ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಈ ಎರಡರಲ್ಲಿ ಯಾವುದನ್ನು ನಂಬಬೇಕು?

ಚರಿತ್ರೆಯನ್ನು ಕೇಳಿದರೆ ಅದು ಎರಡು ನಾಲಗೆಯಲ್ಲಿ ಉತ್ತರ ಕೊಡುತ್ತದೆ. ೧೯೮೪ರಲ್ಲಿ ಡೆಟ್ರಾಯಿಟ್ ನಗರದ ತಂಡ ಮೊದಲ ೪೦ ಆಟಗಳಲ್ಲಿ ೩೫ನ್ನು ಗೆದ್ದಿತು. ಅಕ್ಟೋಬರಿನಲ್ಲಿ ಕಿರೀಟವನ್ನೂ ಧರಿಸಿತು. ಗಾದೆ ಸತ್ಯವಾಯಿತು. ೧೯೮೭ರಲ್ಲಿ ಮಿಲ್ವಾಕೀ ತಂಡ ಮೊದಲ ೧೩ ಆಟಗಳನ್ನು ಒಂದನ್ನೂ ಬಿಡದೆ ಗೆದ್ದಿತು. ಊರಿಗೆ ಊರೇ ಹುಚ್ಚೆದ್ದು ಕುಣಿಯಿತು. ಮೇ ತಿಂಗಳಲ್ಲಿ ಅದೇ ತಂಡ ಸಾಲಾಗಿ ೧೨ ಆಟಗಳನ್ನು ಸೋತು, ವರ್ಷದ ಕೊನೆಗೆ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಇದಕ್ಕೆ ತಿರುವುಮುರುವಾಗಿ, ೨೦೧೯ರಲ್ಲಿ ವಾಷಿಂಗ್‌ಟನ್ ತಂಡ ಮೊದಲ ೫೦ ಆಟಗಳಲ್ಲಿ ೩೧ನ್ನು ಸೋತು, ಆಮೇಲೆ ಎದ್ದು ನಿಂತು ವರ್ಲ್ಡ್ ಸೀರೀಸನ್ನೇ ಗೆದ್ದಿತು. ಮೊಳಕೆಯಲ್ಲಿ ಕಂಡ ಸಿರಿ ಬೆಳೆಯಲ್ಲಿ ಇರದಿರಬಹುದು. ಮೊಳಕೆಯಲ್ಲಿ ಕಾಣದ್ದು ಬೆಳೆಯಲ್ಲಿ ಬಂದೀತು. ಆದರೆ ಈ ಎಲ್ಲ ಕತೆಗಳಿಗಿಂತ ನನ್ನ ಮನಸ್ಸನ್ನು ಹಿಡಿದದ್ದು ಬಾಲ್ಟಿಮೋರ್ ನಗರದ ಕತೆ. ಅಲ್ಲಿ ಮೊಳಕೆ ಕಾಣುವುದಿರಲಿ, ಬಿತ್ತಿದ ಬೀಜವೇ ಕೊಳೆತುಹೋದಂತಿತ್ತು.

ಬಾಲ್ಟಿಮೋರ್ ಮೇರಿಲ್ಯಾಂಡ್ ಸಂಸ್ಥಾನದ ಬಂದರು ನಗರ; ರಾಜಧಾನಿ ವಾಷಿಂಗ್‌ಟನ್ನಿಗೆ ನೆರೆಮನೆ ಇದ್ದಂತೆ. ಅದರ ಬೇಸ್‌ಬಾಲ್ ತಂಡಕ್ಕೆ ಓರಿಯೋಲ್ಸ್ ಎಂದು ಒಂದು ಹಕ್ಕಿಯ ಹೆಸರು. ತಂಡವೇನೂ ಸಾಮಾನ್ಯದ್ದಲ್ಲ, ೧೯೬೬, ೧೯೭೦ ಮತ್ತು ೧೯೮೩ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತ್ತು. ಆದರೆ ೧೯೮೩ರ ಹಬ್ಬ ಮುಗಿದ ಆರು ತಿಂಗಳೊಳಗೆ ಊರಿಗೆ ಒಂದು ಪೆಟ್ಟು ಬಿತ್ತು. ಕೋಲ್ಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಮೂರು ದಶಕಗಳಿಂದ ಆ ಊರಿನದಾಗಿತ್ತು. ೧೯೮೪ರ ಮಾರ್ಚ್ ೨೮ರ ರಾತ್ರಿ ಮಾಲೀಕನು ಲಾರಿಗಳನ್ನು ತರಿಸಿ, ತಂಡದ ಸಾಮಾನುಗಳನ್ನೆಲ್ಲ ತುಂಬಿ, ಹಿಮ ಬೀಳುತ್ತಿದ್ದ ಹೊತ್ತಿನಲ್ಲಿ ಇಂಡಿಯಾನಾಪೊಲಿಸ್ ನಗರಕ್ಕೆ ಸಾಗಿಸಿಬಿಟ್ಟನು. ಬೆಳಗ್ಗೆ ಎದ್ದ ಜನಕ್ಕೆ ತಂಡವಿಲ್ಲ. ಒಂದು ವಿದಾಯದ ಮಾತೂ ಇಲ್ಲ.

ಅಲ್ಲಿಂದ ಮುಂದೆ ಬಾಲ್ಟಿಮೋರಿನವರಿಗೆ ಉಳಿದದ್ದು ಓರಿಯೋಲ್ಸ್ ಒಂದೇ. ಅದರ ಮಾಲೀಕ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಾಷಿಂಗ್‌ಟನ್ನಿನ ಹೆಸರಾಂತ ವಕೀಲ. ವಾಷಿಂಗ್‌ಟನ್ನಿಗೆ ೧೯೭೧ರ ನಂತರ ಸ್ವಂತ ಬೇಸ್‌ಬಾಲ್ ತಂಡವಿರಲಿಲ್ಲ. ಒಂದು ದಿನ ಈತನೂ ತಂಡವನ್ನು ತನ್ನೂರಿಗೆ ಕೊಂಡೊಯ್ದರೆ ಗತಿಯೇನು ಎಂಬ ಅಂಜಿಕೆ ಜನರ ಮನಸ್ಸಿನ ಮೂಲೆಯಲ್ಲಿ ಕುಳಿತೇ ಇತ್ತು. ಆಟದ ಸೋಲುಗೆಲವುಗಳ ಹಿಂದೆ ಈ ಅಂಜಿಕೆಯಿತ್ತೆಂಬುದನ್ನು ಓದುಗರು ಮರೆಯಬಾರದು.

೧೯೮೮ರ ಏಪ್ರಿಲ್ ೪ರಂದು ಬಾಲ್ಟಿಮೋರಿನ ಮೆಮೋರಿಯಲ್ ಸ್ಟೇಡಿಯಮ್ಮಿನಲ್ಲಿ ಹೊಸ ವರ್ಷದ ಮೊದಲ ಆಟ. ಐವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಮಿಲ್ವಾಕೀ ತಂಡ ೧೨ ರನ್ ಗಳಿಸಿತು, ಓರಿಯೋಲ್ಸ್ ಸೊನ್ನೆ. ಇರಲಿ, ಒಂದೇ ಆಟ. ಎರಡನೆಯದೂ ಹೋಯಿತು, ಮೂರನೆಯದೂ ಹೋಯಿತು. ಆರು ಆಟ ಸೋತಾಗ ತಂಡದ ಮ್ಯಾನೇಜರನ್ನು, ಎಂದರೆ ಮೈದಾನದಲ್ಲಿ ತಂಡವನ್ನು ನಡೆಸುವ ಮುಖ್ಯಸ್ಥನನ್ನು, ಕೆಲಸದಿಂದ ತೆಗೆದರು. ಆತ ಕ್ಯಾಲ್ ರಿಪ್ಕೆನ್ ಸೀನಿಯರ್. ಮೂವತ್ತು ವರ್ಷ ಆ ಸಂಸ್ಥೆಯಲ್ಲೇ ದುಡಿದವನು. ಗಾಯದ ಮೇಲೆ ಬರೆಯೆಂಬಂತೆ, ಆತನ ಇಬ್ಬರು ಮಕ್ಕಳು, ಕ್ಯಾಲ್ ಜೂನಿಯರ್ ಮತ್ತು ಬಿಲ್ಲಿ, ಅದೇ ತಂಡದಲ್ಲಿ ಆಡುತ್ತಿದ್ದರು. ತಂದೆಯನ್ನು ಕಳುಹಿಸಿದ ದಿನವೂ ಮಕ್ಕಳು ಅಂಗಿ ತೊಟ್ಟು ಮೈದಾನಕ್ಕೆ ಇಳಿಯಬೇಕಾಯಿತು.

ತಂದೆಯ ಸ್ಥಾನಕ್ಕೆ ಬಂದವನು ಫ್ರಾಂಕ್ ರಾಬಿನ್ಸನ್. ೧೯೬೬ರಲ್ಲಿ ಇದೇ ತಂಡವನ್ನು ಗೆಲ್ಲಿಸಿದ ವೀರ. ೧೯೭೫ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮ್ಯಾನೇಜರ್ ಆಗಿ, ಅಮೆರಿಕದ ದೊಡ್ಡ ಲೀಗುಗಳಲ್ಲಿ ಆ ಪದವಿಯನ್ನೇರಿದ ಮೊದಲ ಕರಿಯನೆಂಬ ಕೀರ್ತಿ ಪಡೆದವನು. ಆದರೆ ಹೆಸರಿಗೆ ಚೆಂಡು ಹೆದರುವುದಿಲ್ಲ. ಸೋಲು ನಿಲ್ಲಲಿಲ್ಲ. ವರ್ಷದ ಆರಂಭದಲ್ಲಿ ಸಾಲಾಗಿ ಸೋತವರ ಹಳೆಯ ದಾಖಲೆ ೧೩ ಆಟಗಳದು. ೧೯೦೪ರಲ್ಲಿ ವಾಷಿಂಗ್‌ಟನ್, ೧೯೨೦ರಲ್ಲಿ ಡೆಟ್ರಾಯಿಟ್ ಅಷ್ಟು ಸೋತಿದ್ದವು. ಓರಿಯೋಲ್ಸ್ ಅದನ್ನೂ ದಾಟಿತು. ಊರಿನ ರೇಡಿಯೋ ಉದ್ಘೋಷಕನೊಬ್ಬನು ತಂಡ ಗೆಲ್ಲುವವರೆಗೂ ಸ್ಟೇಷನ್ ಬಿಟ್ಟು ಹೋಗುವುದಿಲ್ಲವೆಂದು ಪಣ ತೊಟ್ಟು ಕುಳಿತನು. ಪಾಪ, ಹತ್ತು ದಿನಗಳ ಮೇಲೂ ಅಲ್ಲೇ ಇರಬೇಕಾಯಿತು. ಏಪ್ರಿಲ್ ೨೮ರಂದು ಮಿನೆಸೋಟದಲ್ಲಿ ಸೋತಾಗ ಸೋಲಿನ ಸಂಖ್ಯೆ ೨೧ಕ್ಕೆ ಮುಟ್ಟಿತು. ವರ್ಷಾರಂಭದ ಸೋಲಿನಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ಮರುದಿನ ಷಿಕಾಗೋದಲ್ಲಿ ಮೋಡ ಸರಿಯಿತು. ಎಡ್ಡಿ ಮರ್ರೆ ಮೊದಲ ಇನ್ನಿಂಗ್ಸಿನಲ್ಲೇ ಹೋಂ ರನ್ ಹೊಡೆದನು. ಕಳುಹಿಸಲ್ಪಟ್ಟ ತಂದೆಯ ಮಗ ಕ್ಯಾಲ್ ಜೂನಿಯರನೂ ಒಂದು ಹೋಂ ರನ್ ಹೊಡೆದನು. ಓರಿಯೋಲ್ಸ್ ೯, ಷಿಕಾಗೋ ಸೊನ್ನೆ. ಆದರೆ ಅದರ ಮುಂದಿನ ಎರಡು ಆಟಗಳೂ ಮತ್ತೆ ಸೋಲೇ. ಒಂದು ಗೆಲವು, ೨೩ ಸೋಲು. ಈ ಭಾಗ್ಯವನ್ನು ಹೊತ್ತುಕೊಂಡು ತಂಡ ಊರಿಗೆ ಮರಳಿತು.

ಈಗ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು. ಪಟ್ಟಿಯ ತಳದಲ್ಲಿ ಬಿದ್ದು, ಮೇಲೇಳುವ ದಾರಿಯೇ ಕಾಣದ ಒಂದು ತಂಡ ಸೋಮವಾರದ ಸಂಜೆ ಮನೆಗೆ ಬರುತ್ತಿದೆ. ಎಷ್ಟು ಜನ ನೋಡಲು ಹೋದಾರು? ೧೯೮೮ರ ಮೇ ೨ರ ಆ ರಾತ್ರಿ ಮೆಮೋರಿಯಲ್ ಸ್ಟೇಡಿಯಮ್ಮಿಗೆ ಬಂದವರು ೫೦,೪೦೨ ಮಂದಿ. ಓರಿಯೋಲ್ಸ್ ಟೆಕ್ಸಾಸ್ ತಂಡವನ್ನು ೯ಕ್ಕೆ ೪ರಿಂದ ಸೋಲಿಸಿತು. ಅದೇ ರಾತ್ರಿ ಇನ್ನೊಂದು ಸುದ್ದಿಯೂ ಹೊರಬಿತ್ತು. ಬಂದರಿನ ಸಮೀಪ ಕ್ಯಾಮ್ಡೆನ್ ಯಾರ್ಡ್ಸ್ ಎಂಬಲ್ಲಿ ಹೊಸ ಕ್ರೀಡಾಂಗಣ ಕಟ್ಟುವುದು, ತಂಡ ದೀರ್ಘಕಾಲ ಅಲ್ಲಿಯೇ ಆಡುವುದು ಎಂಬ ಒಪ್ಪಂದವನ್ನು ಜನರ ಮುಂದೆ ಸಾರಿದರು. ಒಪ್ಪಂದ ಆ ಜನಸಂದಣಿಯಿಂದಲೇ ಆಯಿತೆಂದು ನಾನು ಹೇಳಲಾರೆ. ಅದರ ಮಾತುಕತೆ ಮೊದಲಿನಿಂದಲೂ ನಡೆದಿತ್ತು. ಮಾಲೀಕ ವಿಲಿಯಮ್ಸ್ ಆ ಹೊತ್ತಿಗೆ ಕ್ಯಾನ್ಸರಿನಿಂದ ನರಳುತ್ತಿದ್ದನು; ಅದೇ ಆಗಸ್ಟಿನಲ್ಲಿ ತೀರಿಕೊಂಡನು. ಆದರೆ ಕೋಲ್ಟ್ಸ್ ಹೋದ ಆ ಹಿಮದ ರಾತ್ರಿಗೆ ಊರು ಕೊಟ್ಟ ಉತ್ತರ ಇದೆಂದು ಮಾತ್ರ ನನಗೆ ತೋರುತ್ತದೆ. ನೀವು ನಮ್ಮನ್ನು ಬಿಟ್ಟು ಹೋಗಬಹುದು, ನಾವಾಗಿ ನಿಮ್ಮನ್ನು ಬಿಡುವವರಲ್ಲ ಎಂದು ಐವತ್ತು ಸಾವಿರ ಜನ ಬಾಯಿ ಬಿಟ್ಟು ಹೇಳದೆ ಹೇಳಿದ ಮಾತು ಅದು.

ಇಷ್ಟಾದ ಮೇಲೆ ತಂಡ ಪವಾಡ ಮಾಡಿತೆಂದು ಬರೆಯಲು ನನಗೂ ಆಸೆಯೇ. ಆದರೆ ಚರಿತ್ರೆ ನಮ್ಮ ಆಸೆಯನ್ನು ಕೇಳಿ ನಡೆಯುವುದಿಲ್ಲ. ಆ ವರ್ಷ ಓರಿಯೋಲ್ಸ್ ೫೪ ಆಟ ಗೆದ್ದು ೧೦೭ ಸೋತಿತು. ವಿಭಾಗದಲ್ಲಿ ಕಟ್ಟಕಡೆಯ ಸ್ಥಾನ. ಅಂದರೆ ೧೯೮೮ರ ಮಟ್ಟಿಗೆ ಗಾದೆಯೇ ಗೆದ್ದಿತು.

ಮರುವರ್ಷದ ಏಪ್ರಿಲ್ ಮತ್ತೆ ಬಂತು. ಖಾತೆ ಮತ್ತೆ ಸೊನ್ನೆ. ಹಿರಿಯ ಆಟಗಾರ ಎಡ್ಡಿ ಮರ್ರೆಯನ್ನು ಬೇರೆ ತಂಡಕ್ಕೆ ಕೊಟ್ಟಾಗಿತ್ತು. ಉಳಿದವರಲ್ಲಿ ಬಹಳ ಮಂದಿ ಹೆಸರಿಲ್ಲದ ಹುಡುಗರು. ೧೯೮೯ರ ಏಪ್ರಿಲ್ ೩ರಂದು ಮೊದಲ ಆಟಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಬಂದು ಮೊದಲ ಚೆಂಡನ್ನು ಎಸೆದರು. ಎದುರಿಗೆ ಬಾಸ್ಟನ್ ತಂಡದ ರಾಜರ್ ಕ್ಲೆಮೆನ್ಸ್. ಆ ಕಾಲದ ಪಿಚರುಗಳಲ್ಲಿ, ಎಂದರೆ ಚೆಂಡೆಸೆಯುವವರಲ್ಲಿ, ಅಗ್ರಗಣ್ಯ. ಅವನ ಚೆಂಡನ್ನೇ ಕ್ಯಾಲ್ ಜೂನಿಯರ್ ಮೂರು ರನ್ನಿನ ಹೋಂ ರನ್ ಹೊಡೆದನು. ಹನ್ನೊಂದು ಇನ್ನಿಂಗ್ಸಿನವರೆಗೆ ಬೆಳೆದ ಆಟವನ್ನು ಓರಿಯೋಲ್ಸ್ ೫-೪ರಿಂದ ಗೆದ್ದಿತು. ಹಿಂದಿನ ವರ್ಷ ೨೨ನೆಯ ಆಟದವರೆಗೆ ಕಾಯಿಸಿದ ಗೆಲವು ಈ ಸಲ ಮೊದಲ ದಿನವೇ ಮನೆಬಾಗಿಲಿಗೆ ಬಂದಿತ್ತು. ಬೇಸಗೆಯ ನಡುವೆ ತಂಡ ವಿಭಾಗದಲ್ಲಿ ಎಲ್ಲರಿಗಿಂತ ಮುಂದೆ ನಿಂತಿತು. ‘ಯಾಕಾಗಬಾರದು?’ ಎಂಬುದೇ ಊರಿನ ಘೋಷವಾಯಿತು.

ಕೊನೆಯ ಮೂರು ಆಟಗಳಿಗೆ ತಂಡ ಕೆನಡಾದ ಟೊರಾಂಟೊ ನಗರಕ್ಕೆ ಹೋದಾಗ ಅಗ್ರಸ್ಥಾನದಲ್ಲಿದ್ದ ಟೊರಾಂಟೊಗಿಂತ ಒಂದೇ ಒಂದು ಆಟ ಹಿಂದಿತ್ತು. ಶುಕ್ರವಾರ ಗೆಲ್ಲುತ್ತಿದ್ದ ಆಟದಲ್ಲಿ ಪಿಚರನ ಕೈ ತಪ್ಪಿ ಚೆಂಡು ಎಲ್ಲಿಗೋ ಹೋಯಿತು, ಲೆಕ್ಕ ಸಮವಾಯಿತು, ೧೧ನೆಯ ಇನ್ನಿಂಗ್ಸಿನಲ್ಲಿ ಸೋಲು. ಶನಿವಾರ ಆಡಬೇಕಾಗಿದ್ದ ಪಿಚರ್ ಹಿಂದಿನ ರಾತ್ರಿ ಹೋಟೆಲಿಗೆ ನಡೆದು ಹೋಗುವಾಗ ಮೊಳೆ ತುಳಿದುಕೊಂಡನು. ಬೇರೊಬ್ಬನು ಇಳಿದು ಹೋರಾಡಿದನು, ೪-೩ರಿಂದ ಸೋಲು. ಅಲ್ಲಿಗೆ ಮುಗಿಯಿತು. ಕೊನೆಯ ಲೆಕ್ಕದಲ್ಲಿ ಟೊರಾಂಟೊ ೮೯ ಗೆಲವು, ಬಾಲ್ಟಿಮೋರ್ ೮೭.

ಎರಡು ಆಟಗಳ ಅಂತರ! ಇಲ್ಲಿಯೇ ನನಗೆ ‘ಇನ್ನೂ ಏಪ್ರಿಲ್ ತಾನೆ’ ಎಂಬ ಸಮಾಧಾನದ ಟೊಳ್ಳು ಕಂಡದ್ದು. ಟೊರಾಂಟೊದ ಸೋಲನ್ನು ಎಲ್ಲರೂ ನೆನೆಯುತ್ತಾರೆ. ಏಪ್ರಿಲಿನಲ್ಲಿ ಅಲಕ್ಷ್ಯವಾಗಿ ಕಳೆದುಕೊಂಡ ಆಟಗಳನ್ನು ಯಾರೂ ನೆನೆಯುವುದಿಲ್ಲ. ಖಾತೆಯಲ್ಲಿ ಮಾತ್ರ ಎರಡರ ತೂಕವೂ ಒಂದೇ. ಏಪ್ರಿಲ್ ಭವಿಷ್ಯವನ್ನು ಹೇಳದು ನಿಜ. ಆದರೆ ಅದರ ಸಾಲವನ್ನು ಸೆಪ್ಟೆಂಬರ್ ತೀರಿಸಲೇಬೇಕು.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಅಭಿಮಾನಿಯ ನಿಷ್ಠೆ ತಂಡವನ್ನು ಊರಿನಲ್ಲಿ ಕಟ್ಟಿಹಾಕುತ್ತದೆಂದು ಚರಿತ್ರೆ ಮಾತು ಕೊಟ್ಟಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಜನ ‘ಬರುವ ವರ್ಷ ನೋಡೋಣ’ ಎನ್ನುತ್ತ ಎಷ್ಟೋ ಸೋಲುಗಳನ್ನು ನುಂಗಿ, ೧೯೫೫ರಲ್ಲಿ ಕಿರೀಟ ಕಂಡರು. ೧೯೫೭ರ ಆಟಗಳು ಮುಗಿದೊಡನೆ ತಂಡ ಲಾಸ್ ಏಂಜಲಿಸ್ ಸೇರಿತು. ಓರಿಯೋಲ್ಸ್ ಕೂಡ ೧೯೫೪ರಲ್ಲಿ ಸೇಂಟ್ ಲೂಯಿಸ್ ನಗರದಿಂದ ಎದ್ದು ಬಂದ ತಂಡವೇ. ೧೯೯೬ರಲ್ಲಿ ಕ್ಲೀವ್‌ಲ್ಯಾಂಡಿನ ಫುಟ್‌ಬಾಲ್ ತಂಡ ಬಾಲ್ಟಿಮೋರಿಗೆ ಬಂದಾಗ, ತಾನು ಅತ್ತ ಅಳುವನ್ನೇ ಇನ್ನೊಂದು ಊರು ಅಳುವುದನ್ನು ಬಾಲ್ಟಿಮೋರ್ ನೋಡಬೇಕಾಯಿತು. ಒಬ್ಬರ ಮನೆಯ ಹಬ್ಬ ಇನ್ನೊಬ್ಬರ ಮನೆಯ ಸೂತಕ.

ಹಾಗಾದರೆ ಅಭಿಮಾನಿಗೆ ದೊರೆತದ್ದೇನು? ಹೊಸ ಕ್ರೀಡಾಂಗಣ ೧೯೯೨ರ ಏಪ್ರಿಲ್ ೬ರಂದು ಬಾಗಿಲು ತೆರೆಯಿತು. ಓರಿಯೋಲ್ಸ್ ಮೊದಲ ಆಟವನ್ನು ೨-೦ರಿಂದ ಗೆದ್ದಿತು. ೧೯೯೫ರ ಸೆಪ್ಟೆಂಬರ್ ೬ರಂದು ಅದೇ ಮೈದಾನದಲ್ಲಿ ಕ್ಯಾಲ್ ಜೂನಿಯರ್ ಒಂದನ್ನೂ ತಪ್ಪಿಸದೆ ಸಾಲಾಗಿ ೨,೧೩೧ನೆಯ ಆಟವನ್ನಾಡಿ, ಲೂ ಗೆರಿಗನ ಹಳೆಯ ದಾಖಲೆಯನ್ನು ದಾಟಿದನು. ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಎಣಿಕೆಯಲ್ಲಿ ೧೯೮೮ರ ಏಪ್ರಿಲಿನ ೨೧ ಸೋಲುಗಳೂ ಸೇರಿವೆ. ತಂದೆಯನ್ನು ಕಳುಹಿಸಿದ ವಾರದ ಆಟಗಳೂ ಸೇರಿವೆ. ಅವುಗಳಲ್ಲಿ ಒಂದನ್ನು ಬಿಟ್ಟಿದ್ದರೂ ಆ ಸಂಜೆ ಇರುತ್ತಿರಲಿಲ್ಲ.

ಗಾದೆಯನ್ನು ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. ಹಿರಿಯರು ಸುಮ್ಮನೆ ಹೇಳಿರಲಾರರು. ಮೊಳಕೆಯನ್ನು ಎಲ್ಲಿ ನೋಡಬೇಕೆಂಬುದಷ್ಟೆ ಪ್ರಶ್ನೆ. ೧೯೮೮ರ ಬಾಲ್ಟಿಮೋರಿನಲ್ಲಿ ಅದನ್ನು ಅಂಕಪಟ್ಟಿಯಲ್ಲಿ ಹುಡುಕಿದವರಿಗೆ ಅದು ಸಿಕ್ಕಲಿಲ್ಲ. ಅದು ಮೇ ೨ರ ರಾತ್ರಿ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತಿತ್ತು.