ಜೀಪು ಹುಟ್ಟಿದ ಬಗೆ

ಜೀಪನ್ನು ಕಾಣದ ಊರು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ೧೯೫೨ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ, ಸರಿಯಾದ ರಸ್ತೆಯಿಲ್ಲದ ಹಳ್ಳಿಗಳಿಗೂ ಅಧಿಕಾರಿಗಳನ್ನು ಕರೆತಂದದ್ದು ಈ ಗಾಡಿ. ಮಲೆನಾಡಿನ ಕಡಿದಾದ ದಾರಿಗಳನ್ನು ಅದು ಇಂದಿಗೂ ಏರುತ್ತಿದೆ. ಆದರೆ ಅದನ್ನು ಮೊಟ್ಟಮೊದಲು ಕಟ್ಟಿದವರು ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದರ ಉತ್ತರದಲ್ಲಿ ಒಂದು ಸಣ್ಣ ಕಾರ್ಖಾನೆಯ ಸಾಹಸವೂ ಇದೆ, ಅದಕ್ಕೆ ಆದ ನಷ್ಟವೂ ಇದೆ.

೧೯೪೦ನೆಯ ಇಸವಿಯ ಬೇಸಗೆ. ಜರ್ಮನ್ ಸೇನೆಯ ವೇಗದ ಮುಂದೆ ಫ್ರಾನ್ಸ್ ಕೆಲವೇ ವಾರಗಳಲ್ಲಿ ಶರಣಾಗಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾದರೂ ಅಲ್ಲಿನ ಸೇನಾಧಿಕಾರಿಗಳಿಗೆ ಕಳವಳ ಹತ್ತಿತು. ಶತ್ರುವಿನ ನೆಲೆಯನ್ನು ಅರಿತು ಬರಲು, ಸುದ್ದಿ ಒಯ್ಯಲು ಅವರು ನೆಚ್ಚಿದ್ದುದು ಕುದುರೆಗಳನ್ನು ಮತ್ತು ಮೋಟಾರು ಸೈಕಲ್ಲುಗಳನ್ನು. ಇವುಗಳ ಬದಲಿಗೆ, ಎಂತಹ ನೆಲದಲ್ಲಿಯೂ ಓಡಬಲ್ಲ ಹಗುರವಾದ ಗಾಡಿಯೊಂದು ಬೇಕೆಂದು ಅವರು ನಿಶ್ಚಯಿಸಿದರು. ಅಂದಿನ ಸಾಮಾನ್ಯ ಮೋಟಾರಿನಲ್ಲಿ ಎಂಜಿನ್ನಿನ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ದೊರೆಯುತ್ತಿತ್ತು. ಅವು ಕೆಸರಿನಲ್ಲಿ ಜಾರಿದರೆ ಗಾಡಿ ನಿಂತಂತೆಯೇ. ಈ ಹೊಸ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಬಲ ದೊರೆಯಬೇಕಾಗಿತ್ತು.

ಜುಲೈ ತಿಂಗಳಲ್ಲಿ ೧೩೫ ಕಾರ್ಖಾನೆಗಳಿಗೆ ಆಹ್ವಾನ ಹೋಯಿತು. ಷರತ್ತುಗಳು ಬಹು ಕಠಿನ. ಗಾಡಿಯ ತೂಕ ೧,೩೦೦ ಪೌಂಡನ್ನು ಮೀರಬಾರದು. ಮೊದಲ ಮಾದರಿ ೪೯ ದಿನಗಳಲ್ಲಿ ಸಿದ್ಧವಾಗಬೇಕು. ೭೫ ದಿನಗಳೊಳಗೆ ೭೦ ಗಾಡಿಗಳೂ ಕೈಸೇರಬೇಕು. ಟೆಂಡರು ಕೊಡಲು ಮುಂದೆ ಬಂದವರು ಇಬ್ಬರೇ. ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿ ಮೊದಲ ಮಾದರಿಗೇ ೭೫ ದಿನ ಬೇಕೆಂದಿತು. ೪೯ ದಿನಗಳಲ್ಲಿ ಕೊಡುತ್ತೇವೆಂದು ಒಪ್ಪಿಕೊಂಡದ್ದು ಅಮೆರಿಕನ್ ಬ್ಯಾಂಟಮ್ ಕಂಪನಿ.

ಬ್ಯಾಂಟಮ್ ಎಂಬುದು ಪೆನ್ಸಿಲ್ವೇನಿಯ ಸಂಸ್ಥಾನದ ಬಟ್ಲರ್ ಎಂಬ ಊರಿನಲ್ಲಿ ಪುಟ್ಟ ಕಾರುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ. ವ್ಯಾಪಾರ ಕುಸಿದು ಅದು ಮುಚ್ಚುವ ಸ್ಥಿತಿಗೆ ಬಂದಿತ್ತು. ಡೆಟ್ರಾಯಿಟ್ ನಗರದ ಕಾರ್ಲ್ ಪ್ರಾಬ್ಸ್ಟ್ ಎಂಬ ಯಂತ್ರಶಿಲ್ಪಿಗೆ ಅದು ಕರೆ ಕಳುಹಿಸಿತು. ಟೆಂಡರು ಗೆದ್ದರೆ ಮಾತ್ರ ಸಂಬಳ ಎಂಬ ಮಾತಿಗೂ ಒಪ್ಪಿ ಆತನು ಬಂದನು. ಜುಲೈ ೧೭ರಂದು ಕೆಲಸಕ್ಕೆ ಕುಳಿತವನು ಎರಡು ದಿನಗಳಲ್ಲಿ ಗಾಡಿಯ ನಕ್ಷೆ ಬರೆದು ಮುಗಿಸಿದನು!

ಎಲ್ಲ ಭಾಗಗಳನ್ನೂ ಹೊಸದಾಗಿ ಮಾಡಲು ವೇಳೆ ಇರಲಿಲ್ಲ. ಆದುದರಿಂದ ಕಾಂಟಿನೆಂಟಲ್ ಕಂಪನಿಯ ೪೫ ಅಶ್ವಶಕ್ತಿಯ ಎಂಜಿನ್ನನ್ನು ಕೊಂಡರು. ಎಲ್ಲಕ್ಕಿಂತ ತೊಡಕಿನದು ಮುಂದಿನ ಅಚ್ಚು: ಅದು ಗಾಡಿಯನ್ನು ತಿರುಗಿಸಬೇಕು, ಎಳೆಯಲೂ ಬೇಕು. ಅದನ್ನು ಸ್ಪೈಸರ್ ಕಂಪನಿ ಒದಗಿಸಿತು. ಸೆಪ್ಟೆಂಬರ್ ೨೩, ಗಡುವಿನ ಕೊನೆಯ ದಿನ. ಪ್ರಾಬ್ಸ್ಟನೂ ಕಾರ್ಖಾನೆಯ ಹೆರಾಲ್ಡ್ ಕ್ರಿಸ್ಟನೂ ತಾವೇ ಗಾಡಿ ನಡೆಸಿಕೊಂಡು ಬಾಲ್ಟಿಮೋರಿನ ಹೋಲಾಬರ್ಡ್ ಸೇನಾ ಶಿಬಿರಕ್ಕೆ ಹೊರಟರು. ಸಂಜೆ ಐದಕ್ಕೆ ಅವಧಿ ಮುಗಿಯುತ್ತಿತ್ತು. ಗಾಡಿ ಒಳಹೊಕ್ಕಾಗ ನಾಲ್ಕೂವರೆ.

ಅದರ ತೂಕ ೧,೮೦೦ ಪೌಂಡನ್ನೂ ಮೀರಿತ್ತು. ಆದರೂ ಅಧಿಕಾರಿಗಳು ಅದನ್ನು ತಿರಸ್ಕರಿಸಲಿಲ್ಲ. ಕೆಸರು, ಮರಳು, ಹಳ್ಳದಿಣ್ಣೆಗಳ ಮೇಲೆ ೩,೪೦೦ ಮೈಲಿಗೂ ಹೆಚ್ಚು ಓಡಿಸಿ ನೋಡಿದರು. ಚೌಕಟ್ಟು ಬಿರುಕು ಬಿಟ್ಟಿತು. ಗಾಡಿ ಮಾತ್ರ ಗೆದ್ದಿತು. ತೂಕದ ಷರತ್ತನ್ನೇ ಸೇನೆಯು ಸಡಿಲಿಸಿತು.

ಗೆಲುವಿನೊಡನೆಯೇ ಬ್ಯಾಂಟಮ್ಮಿನ ಸೋಲೂ ಆರಂಭವಾಯಿತು. ಇಷ್ಟು ಸಣ್ಣ ಕಾರ್ಖಾನೆ ಸಾವಿರಗಟ್ಟಲೆ ಗಾಡಿಗಳನ್ನು ಮಾಡಿಕೊಡಬಲ್ಲುದೇ ಎಂಬುದು ಸೇನೆಯ ಸಂಶಯ. ಯುದ್ಧದ ಅಂಜಿಕೆಯಲ್ಲಿದ್ದ ದೇಶಕ್ಕೆ ಅದು ಅಕಾರಣವಾದ ಸಂಶಯವೇನಲ್ಲ. ಅದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ಬ್ಯಾಂಟಮ್ ಗಾಡಿಯನ್ನು ತೋರಿಸಿ, ನಕ್ಷೆಗಳನ್ನು ಕೊಟ್ಟಿತು. ನವೆಂಬರಿನಲ್ಲಿ ಅವರ ಮಾದರಿಗಳೂ ಬಂದುವು. ವಿಲ್ಲಿಸ್ ಗಾಡಿಯ ಎಂಜಿನ್ನು ೬೦ ಅಶ್ವಶಕ್ತಿಯದು, ನಿಜವಾಗಿಯೂ ಉತ್ತಮವಾದುದು. ೧೯೪೧ರ ಜುಲೈನಲ್ಲಿ ೧೬,೦೦೦ ಗಾಡಿಗಳ ದೊಡ್ಡ ಗುತ್ತಿಗೆ ವಿಲ್ಲಿಸ್ಸಿಗೆ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಕೂಡಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದ್ದುವು. ಬ್ಯಾಂಟಮ್ ಕಟ್ಟಿದ್ದು ಮೂರು ಸಾವಿರಕ್ಕೂ ಕಡಿಮೆ. ಅನಂತರ ಅದಕ್ಕೆ ಉಳಿದದ್ದು, ಜೀಪಿನ ಹಿಂದೆ ಕಟ್ಟುವ ಟ್ರೇಲರುಗಳನ್ನು ಮಾಡುವ ಕೆಲಸ.

ಜೀಪು ತನ್ನ ಸೃಷ್ಟಿಯೆಂದು ವಿಲ್ಲಿಸ್ ಜಾಹೀರಾತು ಕೊಟ್ಟಾಗ ಅಮೆರಿಕದ ವ್ಯಾಪಾರ ಆಯೋಗ ಆಕ್ಷೇಪವೆತ್ತಿತು. ಆ ಮಾತು ಸರಿಯಲ್ಲವೆಂದು ೧೯೪೮ರಲ್ಲಿ ತೀರ್ಪೂ ಬಂದಿತು. ಆದರೆ ೧೯೫೦ರಲ್ಲಿ ಜೀಪು ಎಂಬ ಹೆಸರು ವ್ಯಾಪಾರ ಮುದ್ರೆಯಾಗಿ ನೋಂದಣಿಯಾದದ್ದು ವಿಲ್ಲಿಸ್ಸಿಗೇ. ನಮ್ಮ ದೇಶದಲ್ಲಿಯೂ ೧೯೪೭ರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ಜೋಡಿಸತೊಡಗಿದ್ದು ವಿಲ್ಲಿಸ್ ಜೀಪುಗಳನ್ನೇ.

ಬಟ್ಲರಿನಿಂದ ಹೊರಟ ಆ ಮೊದಲ ಗಾಡಿ ಇಂದು ಉಳಿದಿಲ್ಲ. ಹೆಸರೂ ಹಣವೂ ಬೇರೆಯವರ ಪಾಲಾದುವು. ಆದರೆ ದೊಡ್ಡವರು ಆಗದೆಂದು ಹಿಂಜರಿದ ಕೆಲಸವನ್ನು ಮುಚ್ಚಲಿದ್ದ ಕಾರ್ಖಾನೆಯ ಕೆಲಸಗಾರರು ೪೯ ದಿನಗಳಲ್ಲಿ ಮಾಡಿ ತೋರಿಸಿದರು. ಘಟ್ಟದ ದಾರಿಯಲ್ಲಿ ಏದುಸಿರು ಬಿಡುತ್ತ ಏರುವ ಜೀಪನ್ನು ಕಂಡಾಗ ಅವರನ್ನು ಒಮ್ಮೆ ನೆನೆಯುವುದು ನ್ಯಾಯ.