ಪ್ರಸಂಗಪೀಠದ ಸುತ್ತ ಕಟ್ಟಿದ ಚರ್ಚು: ಗದ್ವಾಲದಿಂದ ಬೆಂಗಳೂರು ಪೇಟೆಯವರೆಗೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂರುಗಳ ಪ್ರಾಟೆಸ್ಟೆಂಟ್ ಚರಿತ್ರೆಯನ್ನು ಕೈಗೆತ್ತಿಕೊಂಡವರು ಮೊದಲು ಎಡವುವುದು ಭಾಷೆಯ ಹತ್ತಿರ. ಮಕ್ತಲಿನಿಂದ ಕೃಷ್ಣಾ ಸ್ಟೇಷನ್ನಿನವರೆಗಿನ ಹಳ್ಳಿಗಳಲ್ಲಿ ಕನ್ನಡದ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಹೊಳೆ ದಾಟಿದರೆ ರಾಯಚೂರು. ಗದ್ವಾಲವಂತೂ ಕೃಷ್ಣೆ-ತುಂಗಭದ್ರೆಗಳ ನಡುವಿನ ನಡಿಗಡ್ಡ, ರಾಯಚೂರು ದೋಆಬಿನದೇ ಮುಂದುವರಿಕೆ. ಆದರೂ ಮಿಷನ್‌ಗಳು ನಿಜಾಮರ ಸೀಮೆಯನ್ನು ತಮ್ಮೊಳಗೆ ಹಂಚಿಕೊಂಡಾಗ ಈ ಊರುಗಳಿರುವ ಪಾಲಮೂರು, ಅಂದರೆ ಮಹಬೂಬ್‌ನಗರದ ಸೀಮೆ, ತೆಲುಗು ಕ್ಷೇತ್ರಕ್ಕೆ ಸೇರಿತು. ಗದ್ವಾಲದ ಕೆಲಸವನ್ನು ಮೊದಲು ನೋಡಿಕೊಳ್ಳುತ್ತಿದ್ದವರು ಅಮೆರಿಕನ್ ಬ್ಯಾಪ್ಟಿಸ್ಟರು. 1937ರಲ್ಲಿ ಅದು ಮಹಬೂಬ್‌ನಗರದ ಜೊತೆಗೆ ಮೆನೊನೈಟ್ ಬ್ರೆದ್ರನ್ ಮಿಷನ್ನಿನ ಕೈಗೆ ಬಂತು. ಜಡ್ಚರ್ಲದ ಆಸ್ಪತ್ರೆ ನಡೆಸಿದವರೂ, ಶಂಶಾಬಾದಿನಲ್ಲಿ ಸತ್ಯವೇದ ಶಾಲೆ ನಡೆಸಿದವರೂ ಇದೇ ಜನ.

ಇವರನ್ನು ಪ್ರಾಟೆಸ್ಟೆಂಟ್ ಸುಧಾರಣೆಯ ಸ್ವಿಸ್ ಧಾರೆಯಾದ ರಿಫಾರ್ಮ್ಡ್ ಪಂಥದವರೆಂದು ಕರೆದರೆ ಇವರೇ ಒಪ್ಪುವುದಿಲ್ಲ. ಆದರೆ ಇವರ ಬೇರು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ರಿಫಾರ್ಮ್ಡ್ ನಗರ ಚರ್ಚುಗಳ ತವರಾದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅಲ್ಲಿನ ಗ್ರೋಸ್‌ಮ್ಯೂನ್‌ಸ್ಟರ್ ಚರ್ಚಿಗೆ 1519ರಲ್ಲಿ ಬಂದ ಸುಧಾರಕ ಹುಲ್ಡ್ರಿಕ್ ಜ್ವಿಂಗ್ಲಿ, ಪಂಚಾಂಗದ ಪ್ರಕಾರ ಪಾಠ ಓದುವ ರೂಢಿ ಬಿಟ್ಟು ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಸಾಲುಸಾಲಾಗಿ ಬೋಧಿಸತೊಡಗಿದ. 1524ರ ಬೇಸಿಗೆಯಲ್ಲಿ ನಗರಸಭೆಯ ಆಜ್ಞೆಯಂತೆ ವಿಗ್ರಹಗಳು ಹೊರಬಿದ್ದವು, ಗೋಡೆಗಳಿಗೆ ಸುಣ್ಣ ಬಿತ್ತು, ಆರ್ಗನ್ನಿನ ಸದ್ದಡಗಿತು. ಮರುವರ್ಷ ಕಲ್ಲಿನ ಬಲಿಪೀಠ ಹೋಗಿ ಸಾದಾ ಮೇಜು ಬಂತು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಗಳಿಗೆ ಬೆಳ್ಳಿಯ ಬದಲು ಮರದ ತಟ್ಟೆ, ಮರದ ಬಟ್ಟಲು. ಹೀಗೆ ಹಳೆಯ ಕಟ್ಟಡ ಹಾಗೇ ನಿಂತಿದ್ದು, ಅದರೊಳಗಿನ ಎಲ್ಲವೂ ತಿರುಗುಮುರುಗಾಯಿತು. ಕಣ್ಣಿಗಾಗಿ ಕಟ್ಟಿದ್ದನ್ನು ಕಿವಿಗೆ ಒಗ್ಗಿಸಿದರು ಎಂದರೆ ಸರಿಹೋದೀತು.

ಜಗಳ ಹುಟ್ಟಿದ್ದು ನೀರಿನ ವಿಷಯದಲ್ಲಿ. ಕೂಸುಗಳಿಗೆ ಕೊಡುವ ದೀಕ್ಷಾಸ್ನಾನ ನಿಲ್ಲಬೇಕು, ತಿಳಿದು ನಂಬಿದವರಿಗೆ ಮಾತ್ರ ಕೊಡಬೇಕು ಎಂದು ಜ್ವಿಂಗ್ಲಿಯ ಶಿಷ್ಯರಲ್ಲೇ ಕೆಲವರು ಪಟ್ಟುಹಿಡಿದರು. 1525ರ ಜನವರಿಯಲ್ಲಿ ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಮುಂದಾಳು ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರು ಕೇಳಿದವನಿಗೆ ನೀರಿನಲ್ಲೇ ಶಿಕ್ಷೆ ವಿಧಿಸಿದ ಈ ಕ್ರೌರ್ಯವನ್ನು ರಿಫಾರ್ಮ್ಡ್ ಚರಿತ್ರೆಕಾರರು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹೊರಗಾದ ಆ ಧಾರೆಗೆ ಮುಂದೆ ಡಚ್ ಬೋಧಕ ಮೆನ್ನೊ ಸೈಮನ್ಸ್‌ನ ಹೆಸರು ಅಂಟಿಕೊಂಡಿತು. ಅದರ ಒಂದು ಕವಲು ದಕ್ಷಿಣ ರಷ್ಯಾಕ್ಕೆ ಹೋಗಿ ನೆಲೆಸಿತು. ಅಲ್ಲಿ 1860ರಲ್ಲಿ ಮೆನೊನೈಟ್ ಬ್ರೆದ್ರನ್ ಸಭೆ ಹುಟ್ಟಿತು. ಆ ಸಭೆಯ ಅಬ್ರಹಾಂ ಫ್ರೀಸನ್ 1890ರಲ್ಲಿ ನಲ್ಗೊಂಡದಲ್ಲಿ ಕೆಲಸ ಹೂಡಿದರು. ಅಮೆರಿಕದಲ್ಲಿ ನೆಲೆಸಿದ್ದ ಅದೇ ಸಭೆಯವರು 1899ರಿಂದ ಹೈದರಾಬಾದ್ ಸೀಮೆಗೆ ಬರತೊಡಗಿದರು. ಗದ್ವಾಲಕ್ಕೆ ದಾರಿಯಾದದ್ದು ಹೀಗೆ.

ವಾಸ್ತುವಿನ ಮಟ್ಟಿಗೆ ಈ ಒಡಕಿನ ಗುರುತು ಹೊರಗೋಡೆಯಲ್ಲಿ ಕಾಣುವಂಥದ್ದಲ್ಲ. ರಿಫಾರ್ಮ್ಡ್ ಚರ್ಚಿನಲ್ಲಿ ಪ್ರಸಂಗಪೀಠದ ಮಗ್ಗುಲಲ್ಲಿ ಕೂಸಿನ ತಲೆಗೆ ನೀರು ಹನಿಸುವಷ್ಟು ದೊಡ್ಡ ಬೋಗುಣಿ ಸಾಕು. ಮುಳುಗಿಸುವ ದೀಕ್ಷಾಸ್ನಾನ ಪಾಲಿಸುವ ಸಭೆಗೆ ಆಳು ಮುಳುಗುವ ತೊಟ್ಟಿಯಾದರೂ ಬೇಕು, ಇಲ್ಲವೇ ಕೆರೆ-ಹೊಳೆಗೆ ಹೋಗಬೇಕು. ಉಳಿದಂತೆ ಇಬ್ಬರದೂ ಒಂದೇ ವಿನ್ಯಾಸ. ಮಕ್ತಲಿನ ಪಡಮಟಿ ಆಂಜನೇಯನ ಗುಡಿಗಾಗಲಿ, ಗದ್ವಾಲ ಕೋಟೆಯೊಳಗಿನ ಚೆನ್ನಕೇಶವನ ಗುಡಿಗಾಗಲಿ ಹೋಗುವವರು ದರ್ಶನಕ್ಕೆ ಹೋಗುತ್ತಾರೆ; ಕಟ್ಟಡದ ಸಾಲು ಅವರನ್ನು ಒಳಗೊಳಗೆ, ಕತ್ತಲಿನ ಕಡೆಗೆ ಒಯ್ಯುತ್ತದೆ. ಈ ಚರ್ಚುಗಳಲ್ಲಿ ಗರ್ಭಗುಡಿಯೇ ಇಲ್ಲ. ಇರುವುದೊಂದು ಬೆಳಕಾದ ಹಜಾರ, ಎಲ್ಲರಿಗೂ ಕಾಣುವ, ಅದಕ್ಕಿಂತ ಹೆಚ್ಚಾಗಿ ಎಲ್ಲರಿಗೂ ಕೇಳುವ ಎತ್ತರದಲ್ಲಿ ಪ್ರಸಂಗಪೀಠ, ಅದರ ಕೆಳಗೆ ಮೇಜು. ಪ್ಯಾರಿಸ್ ಬಳಿಯ ಶಾರಂಟನ್‌ನಲ್ಲಿ 1623ರಲ್ಲಿ ಸಾಲೊಮನ್ ದ ಬ್ರೋಸ್ ಕಟ್ಟಿದ ರಿಫಾರ್ಮ್ಡ್ ದೇವಾಲಯ ಈ ತತ್ತ್ವದ ಮಾದರಿಯಾಗಿತ್ತು: ಆಯತಾಕಾರದ ಒಂದೇ ಕೋಣೆ, ಸುತ್ತಲೂ ಉಪ್ಪರಿಗೆ ಸಾಲುಗಳು, ಬೋಧಕನ ದನಿ ಮುಟ್ಟದ ಮೂಲೆಯಿಲ್ಲ. 1685ರಲ್ಲಿ ಅದನ್ನು ಕೆಡವಿದರು.

ಕೇಳುವುದೇ ಮುಖ್ಯವಾದ ಕಟ್ಟಡದಲ್ಲಿ ಯಾವ ಭಾಷೆ ಕೇಳುತ್ತದೆ ಎಂಬುದು ವಾಸ್ತುವಿನದೇ ಪ್ರಶ್ನೆ. ಕನ್ನಡದಲ್ಲಿ ಈ ಪರಂಪರೆ ಹೇಗೆ ಮನೆಮಾಡಿತೆಂದು ನೋಡಲು ಪಾಲಮೂರು ಬಿಟ್ಟು ಬಳ್ಳಾರಿ, ಬೆಂಗಳೂರುಗಳಿಗೆ ಹೋಗಬೇಕು. ಜ್ಯೂರಿಕ್, ಜಿನೀವಾಗಳ ಧಾರೆ ಇಂಗ್ಲೆಂಡಿನಲ್ಲಿ ಕಾಂಗ್ರಿಗೇಷನಲ್ ಸಭೆಗಳ ರೂಪ ತಾಳಿತ್ತು. ಆ ಸಭೆಗಳ ಬಲದಿಂದ ನಡೆದದ್ದು ಲಂಡನ್ ಮಿಷನ್. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಡೀ ಕನ್ನಡ ಸತ್ಯವೇದ 1831ರ ಹೊತ್ತಿಗೆ ಅಚ್ಚಾಗಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದ್ದೂ ಈ ದಶಕಗಳಲ್ಲೇ. ಪ್ರಸಂಗಪೀಠಕ್ಕೆ ಮರ ತರುವ ಮುಂಚೆ ಅದರ ಮೇಲಿಡುವ ಪುಸ್ತಕ ಸಿದ್ಧವಾಗಬೇಕಿತ್ತು.

ಬೆಂಗಳೂರಿನಲ್ಲಿ ಈ ಪರಂಪರೆಯ ಎರಡು ಚರ್ಚುಗಳನ್ನು ನೋಡಬಹುದು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರದು. ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, 1864ರಲ್ಲಿ ಅಸ್ತಿಭಾರ ಬಿದ್ದು 1866ರಲ್ಲಿ ಪ್ರತಿಷ್ಠೆಯಾಯಿತು. ಕೆಂಪು ಬಣ್ಣ, ಗಾಥಿಕ್ ಕಮಾನು, ಗಡಿಯಾರ ಗೋಪುರ, ಬಣ್ಣದ ಗಾಜಿನ ದೊಡ್ಡ ಕಿಟಕಿ; ಪೆರೇಡ್ ಮೈದಾನದ ಸೈನಿಕರಿಗೆ ಊರಿನ ನೆನಪು ತರಲು ಬೇಕಾದುದೆಲ್ಲ ಇದೆ. 1881ರಲ್ಲಿ ಪೈಪ್ ಆರ್ಗನ್ ಕೂಡ ಬಂತು. ಅದು ಸಣ್ಣ ಸಂಗತಿಯಲ್ಲ. ಎಡಿನ್‌ಬರೋದ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ಅಲ್ಲಿನ ಬೋಧಕ ರಾಬರ್ಟ್ ಲೀ ಆರ್ಗನ್ ಇರಿಸಿ ದೊಡ್ಡ ರಾದ್ಧಾಂತವಾದದ್ದು 1865ರಲ್ಲಿ, ಅಂದರೆ ಬೆಂಗಳೂರಿನ ಗೋಡೆಗಳು ಏಳುತ್ತಿದ್ದಾಗ. ಜ್ವಿಂಗ್ಲಿ ಬಾಯಿ ಮುಚ್ಚಿಸಿದ ವಾದ್ಯಕ್ಕೆ ಹದಿನಾರು ವರ್ಷದೊಳಗೆ ದಂಡಿನ ಪ್ರದೇಶದಲ್ಲೂ ಜಾಗ ಸಿಕ್ಕಿತು.

ಎರಡನೆಯದು ಪೇಟೆಯೊಳಗೆ, ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್. ಹೆಸರು ಬೆಂಜಮಿನ್ ರೈಸ್ ಅವರದು. 1830ರ ದಶಕದಲ್ಲಿ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಇವರು ದುಡಿದದ್ದು ಕನ್ನಡದಲ್ಲಿ: ಪೇಟೆಯ ಶಾಲೆಗಳು, ಪ್ರಸಂಗ, ಸತ್ಯವೇದದ ಪರಿಷ್ಕರಣೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇವರ ಮಗ ಬಿ. ಎಲ್. ರೈಸ್ ನಮಗೆ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳನ್ನು ಕೊಟ್ಟವರು. ಇನ್ನೊಬ್ಬ ಮಗ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಶಾಸನ ಓದುವವರು ಮಗನನ್ನು ನೆನೆಯುವಷ್ಟು ತಂದೆಯನ್ನು ನೆನೆಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೇ ದಶಕದಲ್ಲಿ ಎದ್ದ ರೈಸ್ ಚರ್ಚಿನ ಕಟ್ಟಡಕ್ಕೆ ಗಾಥಿಕ್ ಚೂಪಿಲ್ಲ. ಬೀದಿಗೆ ಕಂಬಗಳ ಮುಖ ಕೊಟ್ಟಿದ್ದಾರೆ. ಕ್ರಿಸ್ತಪೂರ್ವದ ಗ್ರೀಸ್-ರೋಮಿನ ಗುಡಿಗಳ ಮುಖವನ್ನು ವಿಗ್ರಹವಿರೋಧಿ ಪರಂಪರೆಯೊಂದು ಹಾಕಿಕೊಂಡದ್ದು ವಿಚಿತ್ರವೆನಿಸಬಹುದು. ಆದರೆ ಮಧ್ಯಯುಗದ ಕ್ಯಾಥೊಲಿಕ್ ನೆನಪು ಹೊತ್ತ ಗಾಥಿಕ್ ಶೈಲಿಗಿಂತ ಈ ಶೈಲಿ ಕಾಂಗ್ರಿಗೇಷನಲ್ ಸಭೆಗಳಿಗೆ ಬಹುಕಾಲ ಹಿಡಿಸಿತ್ತು. ಸೇಂಟ್ ಆಂಡ್ರೂಸ್‌ಗೆ ವಿಶಾಲವಾದ ಆವರಣವಿದೆ, ದೂರದಿಂದಲೇ ಕಾಣುತ್ತದೆ. ರೈಸ್ ಚರ್ಚಿಗೆ ಆ ಸೌಲಭ್ಯವಿಲ್ಲ. ಹಳೆಪುಸ್ತಕದ ಅಂಗಡಿ, ಸಗಟು ವ್ಯಾಪಾರ, ಕೈಗಾಡಿಗಳ ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತಿದೆ. ಚೆಲುವಿನಲ್ಲಿ ಕಬ್ಬನ್ ರಸ್ತೆಯದೇ ಮೇಲು, ಒಪ್ಪುತ್ತೇನೆ. ಆದರೆ ಊರ ಸಂತೆಯ ನಡುವೆ, ಊರ ಭಾಷೆಯಲ್ಲಿ, ಊರ ಜನ ಕೇಳಲಿ ಎಂದು ಕಟ್ಟುವುದೇ ರಿಫಾರ್ಮ್ಡ್ ನಗರ ಚರ್ಚಿನ ಲಕ್ಷಣವಾದರೆ, ಬೆಂಗಳೂರಿನಲ್ಲಿ ಆ ಹೆಸರಿಗೆ ಹಕ್ಕುದಾರ ಪೇಟೆಯ ಚರ್ಚು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಲಂಡನ್ ಮಿಷನ್ನಿನ ಸಭೆಗಳು ಆಂಗ್ಲಿಕನ್, ಮೆಥಡಿಸ್ಟರೊಂದಿಗೆ ಅದರಲ್ಲಿ ಸೇರಿದವು. ಬಿಷಪರೇ ಬೇಡವೆಂದಿದ್ದ ಪರಂಪರೆ ಬಿಷಪರನ್ನು ಒಪ್ಪಿಕೊಂಡಿತು. ಬೆಂಗಳೂರಿನ ಎರಡೂ ಚರ್ಚುಗಳು ಇಂದು ಇರುವುದು 1970ರಲ್ಲಿ ಹುಟ್ಟಿದ ಕರ್ನಾಟಕ ಮಧ್ಯ ಧರ್ಮಪ್ರಾಂತದಲ್ಲಿ. ಪಾಲಮೂರಿನ ಮೆನೊನೈಟ್ ಬ್ರೆದ್ರನ್ ಸಭೆಗಳು ಆ ಒಕ್ಕೂಟಕ್ಕೆ ಸೇರಲಿಲ್ಲ. ಕೂಸಿನ ದೀಕ್ಷಾಸ್ನಾನವನ್ನು ಒಪ್ಪುವ ಸಭೆಯೊಂದಿಗೆ ಒಂದಾಗುವುದು, 1525ರಲ್ಲಿ ಜ್ಯೂರಿಕ್ ಬಿಟ್ಟವರ ಸಂತತಿಗೆ ಸುಲಭದ ಮಾತಾಗಿರಲಿಲ್ಲ. ಗದ್ವಾಲ ಈಗ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರ, ಮಕ್ತಲ್ 2019ರಲ್ಲಾದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಪಾಲಮೂರಿನ ಆ ಸಭೆಗಳಲ್ಲಿ ಪ್ರಸಂಗದ ಭಾಷೆ ತೆಲುಗಾಗಿಯೇ ಮುಂದುವರಿದಿದೆ.